ಸಾರ್ವಕಾಲಿಕ ಏಕದಿನ ತಂಡ ಆರಿಸುವುದು ಹೇಗೆ? ಬೌಲರ್‌ಗಳಿಂದ ಶುರುಮಾಡಿ

ಮಳೆಗಾಲದ ಭಾನುವಾರ ಮುಂಬೈಯಲ್ಲಿ ಆಟಕ್ಕೆ ಮೈದಾನ ಸಿಗುವುದಿಲ್ಲ. ಮಳೆಗಾಲದಲ್ಲೇ ನಡೆಯುವ ಕಾಂಗಾ ಲೀಗ್ ಆಡುವವರಿಗೆ ಕೆಸರೇ ಪಿಚ್, ಅವರ ಮಾತು ಬೇರೆ. ನಮ್ಮಂಥವರು ಮಾಟುಂಗಾದ ಹೋಟೆಲಿನ ಮೂಲೆ ಟೇಬಲ್ ಹಿಡಿದು, ಬಿಲ್ಲಿನ ಹಿಂಬದಿಯಲ್ಲಿ ತಂಡ ಬರೆಯುತ್ತೇವೆ. ನಾವು ನಾಲ್ಕು ಜನ. ಕುಂದಾಪುರ ಕಡೆಯ ಹೋಟೆಲ್ ಶೆಟ್ರು, ಬ್ಯಾಂಕಿನಿಂದ ನಿವೃತ್ತರಾದ ಧಾರವಾಡದ ರಾಯರು, ಡೊಂಬಿವಿಲಿಯಲ್ಲಿ ಹುಟ್ಟಿ ಬೆಳೆದ ಒಬ್ಬ ಐಟಿ ಹುಡುಗ, ಮತ್ತು ನಾನು.

ಮೊದಲ ಸಲ ನಾನು ಬರೆದ ಹನ್ನೊಂದರಲ್ಲಿ ಎಂಟು ಜನ ಬ್ಯಾಟರ್‌ಗಳಿದ್ದರು. ಶೆಟ್ರು ಕಾಗದ ನೋಡಿ ಹೇಳಿದರು: "ಎಂಟು ಜನ ದೋಸೆ ಭಟ್ರನ್ನು ಇಟ್ಟುಕೊಂಡು ಹೋಟೆಲ್ ಶುರುಮಾಡಿದ್ದೀರಿ. ಚಟ್ನಿ ರುಬ್ಬೋದು ಯಾರು, ಪಾತ್ರೆ ತೊಳೆಯೋದು ಯಾರು ಮಾರಾಯ್ರೆ?"

ಆ ಮಾತಿನಿಂದಲೇ ಈ ವಿಧಾನ ಹುಟ್ಟಿತು. ಶ್ರೇಷ್ಠ ಆಟಗಾರರನ್ನು ಆರಿಸುವುದು ಬೇರೆ, ಶ್ರೇಷ್ಠ ತಂಡ ಆರಿಸುವುದು ಬೇರೆ. ಎರಡನೆಯದಕ್ಕೆ ಮೊದಲು ಕೆಲಸಗಳನ್ನು ಪಟ್ಟಿ ಮಾಡಬೇಕು, ಆಮೇಲೆ ಹೆಸರು. ನೀವೂ ಮಾಡಿ ನೋಡಿ. ಒಂದು ಕಾಗದ, ಒಂದು ಪೆನ್ಸಿಲ್ ಸಾಕು. ಪೆನ್ನು ಬೇಡ, ತುಂಬಾ ಅಳಿಸಬೇಕಾಗುತ್ತದೆ. ಮೊಬೈಲನ್ನು ಮೂರನೇ ಹೆಜ್ಜೆಯ ತನಕ ಮುಟ್ಟಬೇಡಿ. ಐದು ಜನಕ್ಕಿಂತ ಜಾಸ್ತಿ ಸೇರಿದರೆ ತಂಡ ಆಗುವುದಿಲ್ಲ, ಸಭೆ ಆಗುತ್ತದೆ.

ಹೆಜ್ಜೆ 1: ಹೆಸರಿಗೆ ಮೊದಲು ನಿಯಮ

ಜಗಳದಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇಲ್ಲೇ. ಒಬ್ಬರ ಮನಸ್ಸಿನಲ್ಲಿ 1983ರ ಕೆಂಪು ಚೆಂಡು, ಇನ್ನೊಬ್ಬರ ಮನಸ್ಸಿನಲ್ಲಿ 2023ರ ಬಿಳಿ ಚೆಂಡು. ಇಬ್ಬರೂ ಬೇರೆ ಬೇರೆ ಆಟಕ್ಕೆ ತಂಡ ಕಟ್ಟುತ್ತಿರುತ್ತಾರೆ, ಆದರೆ ಕೂಗಾಡುವುದು ಒಂದೇ ಟೇಬಲ್ಲಿನಲ್ಲಿ.

ಏಕದಿನ ಆಟ ಒಂದೇ ಥರ ಉಳಿದುಬಂದಿಲ್ಲ ಅನ್ನುವುದನ್ನು ಮೊದಲು ಒಪ್ಪಿಕೊಳ್ಳಿ. 1971ರ ಜನವರಿ 5ರಂದು ಮೆಲ್ಬರ್ನ್‌ನಲ್ಲಿ ನಡೆದ ಮೊಟ್ಟಮೊದಲ ಪಂದ್ಯದಲ್ಲಿ ಇದ್ದದ್ದು 40 ಓವರ್, ಓವರಿಗೆ ಎಂಟು ಎಸೆತ. ಮೊದಲ ಮೂರು ವಿಶ್ವಕಪ್‌ಗಳು 60 ಓವರಿನವು. 1987ರಿಂದ ಐವತ್ತಾಯಿತು. 1992ರ ವಿಶ್ವಕಪ್‌ಗೆ ಬಣ್ಣದ ಬಟ್ಟೆ, ಬಿಳಿ ಚೆಂಡು ಬಂತು. 2011ರ ಅಕ್ಟೋಬರ್‌ನಿಂದ ಎರಡೂ ತುದಿಗೆ ಒಂದೊಂದು ಹೊಸ ಚೆಂಡು. 2025ರಲ್ಲಿ ಅದನ್ನೂ ಬದಲಾಯಿಸಿದರು: 34 ಓವರ್ ತನಕ ಎರಡು ಚೆಂಡು, ಆಮೇಲೆ ಅದರಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು ಮುಗಿಸಬೇಕು.

ಇದು ಸುಮ್ನೆ ಇತಿಹಾಸ ಅಲ್ಲ. ಚೆಂಡಿನ ಲೆಕ್ಕ ಬದಲಾದರೆ ನಿಮ್ಮ ತಂಡವೇ ಬದಲಾಗುತ್ತದೆ. ಎರಡು ಚೆಂಡು ಇದ್ದರೆ ಇನಿಂಗ್ಸ್ ಮುಗಿದಾಗ ಒಂದೊಂದಕ್ಕೂ 25 ಓವರಿನ ವಯಸ್ಸು ಅಷ್ಟೇ. ಚೆಂಡು ಸಾಕಷ್ಟು ಹಳತಾಗುವುದೇ ಇಲ್ಲ. ಹಾಗಾಗಿ ರಿವರ್ಸ್ ಸ್ವಿಂಗ್, ಅಂದರೆ ಹಳೆ ಚೆಂಡು ಗಾಳಿಯಲ್ಲಿ ಉಲ್ಟಾ ತಿರುಗುವುದು, ಅಪರೂಪ, ಸ್ಪಿನ್ನರ್‌ಗೆ ಹಿಡಿತವೂ ಕಡಿಮೆ. ಒಂದೇ ಚೆಂಡು ಅಂತ ನಿಯಮ ಮಾಡಿದರೆ ರಿವರ್ಸ್ ಸ್ವಿಂಗ್‌ಗೇ ಹೆಸರಾದ ಪಾಕಿಸ್ತಾನದ ವಕಾರ್ ಯೂನಿಸ್‌ಗೆ ಬೆಲೆ ಏರುತ್ತದೆ. "ಅಲ್ರೀ, 1992ರ ವಿಶ್ವಕಪ್‌ನಾಗೂ ಎರಡು ಚೆಂಡ ಇದ್ವು. ಫೈನಲ್‌ನಾಗ ವಾಸಿಮ್ ಅಕ್ರಂ ಆ ಎರಡು ಬಾಲ್ ಹೆಂಗ ಹಾಕಿದ್ರು ಮತ್ತ?" ಅಂತ ರಾಯರು ಪ್ರತಿ ವರ್ಷ ಕೇಳುತ್ತಾರೆ. ಇಂಗ್ಲೆಂಡಿನ ಲ್ಯಾಂಬ್ ಮತ್ತು ಲೂಯಿಸ್ ಬೆನ್ನುಬೆನ್ನಿಗೆ ಬೌಲ್ಡ್ ಆದ ಆ ಎಸೆತಗಳು. ಅದಕ್ಕೆ ನಮ್ಮ ಉತ್ತರ: ಅಕ್ರಂ ಯಾವ ನಿಯಮದಲ್ಲೂ ತಂಡದಲ್ಲಿರುತ್ತಾರೆ, ಅವರ ಬಗ್ಗೆ ಚರ್ಚೆ ಬೇಡ.

ನಾವು ಇಟ್ಟುಕೊಂಡ ನಿಯಮಗಳು ಇವು. 50 ಓವರ್, ಒಂದೇ ಬಿಳಿ ಚೆಂಡು, ಒಬ್ಬ ಬೌಲರ್‌ಗೆ ಹೆಚ್ಚೆಂದರೆ ಹತ್ತು ಓವರ್. ಏಕದಿನದ ಆಟ ಮಾತ್ರ ಲೆಕ್ಕಕ್ಕೆ, ಟೆಸ್ಟ್ ಮತ್ತು ಟಿ20ಯ ಹೆಸರು ಇಲ್ಲಿ ನಡೆಯುವುದಿಲ್ಲ. ಒಬ್ಬ ಆಟಗಾರನ ಒಂದು ಒಳ್ಳೆಯ ದಿನ ಅಲ್ಲ, ಇಡೀ ವೃತ್ತಿ ನೋಡಬೇಕು.

ಈ ಕೊನೆಯ ನಿಯಮ ಮುಂಬೈಯವರಿಗೆ ಕಷ್ಟ. 2023ರ ನವೆಂಬರ್ 7ರಂದು ವಾಂಖೆಡೆಯಲ್ಲಿ ಮ್ಯಾಕ್ಸ್‌ವೆಲ್ ಏನು ಮಾಡಿದರು ಅಂತ ಗೊತ್ತಲ್ಲ. ಅಫ್ಘಾನಿಸ್ತಾನದ ಎದುರು ಆಸ್ಟ್ರೇಲಿಯಾ 91ಕ್ಕೆ 7. ಕಾಲು ಹಿಡಿದುಕೊಂಡಿತ್ತು, ಓಡಲು ಆಗುತ್ತಿರಲಿಲ್ಲ. ನಿಂತಲ್ಲೇ ಬಾರಿಸಿ ಅಜೇಯ 201. ಆ ತುದಿಯಲ್ಲಿ ಕಮಿನ್ಸ್ 68 ಎಸೆತಕ್ಕೆ 12. ನಾನು ನೋಡಿದ ಅತ್ಯುತ್ತಮ ಏಕದಿನ ಇನಿಂಗ್ಸ್ ಅದು. ಆದರೂ ಮ್ಯಾಕ್ಸ್‌ವೆಲ್ ನಮ್ಮ ತಂಡದಲ್ಲಿ ಇಲ್ಲ. "ಶ್ರೇಷ್ಠ ಇನಿಂಗ್ಸ್" ಅಂತ ಬೇರೆ ಪಟ್ಟಿ ಮಾಡಿ, ಅಲ್ಲಿ ಹಾಕಿ.

ಕನಿಷ್ಠ ಪಂದ್ಯಗಳ ಮಿತಿ ಬೇಕೇ ಬೇಕು. ನೆದರ್ಲೆಂಡ್ಸ್‌ನ ಟೆನ್ ಡೊಷಾಟೆ ಅವರ ಸರಾಸರಿ 67. ಅದನ್ನು ನೋಡಿ ಮೂರನೇ ಕ್ರಮಾಂಕಕ್ಕೆ ಹಾಕಿಬಿಟ್ಟೀರಿ. ಅವರು ಆಡಿದ್ದು 33 ಪಂದ್ಯ. ಹಾಗಂತ ನಮ್ಮ ಹುಡುಗ ಒಮ್ಮೆ "100 ಪಂದ್ಯ" ಅಂತ ಗೆರೆ ಎಳೆದ. ಎಲ್ಲರೂ ಒಪ್ಪಿದೆವು. ಅರ್ಧ ಗಂಟೆಯ ನಂತರ ಗೊತ್ತಾಯಿತು, ವೆಸ್ಟ್ ಇಂಡೀಸ್‌ನ ವೇಗಿ ಜೋಯಲ್ ಗಾರ್ನರ್ ಆಡಿದ್ದು 98! ಅವರ ಕಾಲದಲ್ಲಿ ಏಕದಿನ ಪಂದ್ಯಗಳೇ ಕಡಿಮೆ ಇದ್ದವು. ಅದಕ್ಕೆ ಈಗ ಮಿತಿ 75.

ಗಂಡಸರ ತಂಡವೋ ಹೆಂಗಸರ ತಂಡವೋ ಅನ್ನುವುದನ್ನೂ ಬರೆದಿಡಿ. "ಏಕದಿನದಲ್ಲಿ ಮೊದಲ ದ್ವಿಶತಕ 2010ರಲ್ಲಿ ಗ್ವಾಲಿಯರ್‌ನಲ್ಲಿ ಸಚಿನ್ ಹೊಡೆದದ್ದು" ಅಂತ ಯಾರಾದರೂ ಹೇಳಿದರೆ ನಮ್ಮ ಹುಡುಗ ತಕ್ಷಣ ತಿದ್ದುತ್ತಾನೆ. ಆಸ್ಟ್ರೇಲಿಯಾದ ಬೆಲಿಂಡಾ ಕ್ಲಾರ್ಕ್ 1997ರ ಡಿಸೆಂಬರ್ 16ರಂದು ಡೆನ್ಮಾರ್ಕ್ ಎದುರು ಅಜೇಯ 229 ಹೊಡೆದಿದ್ದರು. ಎಲ್ಲಿ? ಇಲ್ಲೇ, ಬಾಂದ್ರಾದ ಎಂಐಜಿ ಮೈದಾನದಲ್ಲಿ. ಹನ್ನೆರಡು ವರ್ಷ ಮೊದಲೇ. ಮಿಥಾಲಿ, ಝೂಲನ್, ಕ್ಲಾರ್ಕ್ ಇರುವ ತಂಡಕ್ಕೆ ಇನ್ನೊಂದು ಭಾನುವಾರ ಕೊಡಿ. ಇಲ್ಲಿ ನಾನು ಹೇಳುತ್ತಿರುವುದು ಗಂಡಸರ ತಂಡದ ಬಗ್ಗೆ.

ಹೆಜ್ಜೆ 2: ಐವತ್ತು ಗೆರೆ ಎಳೆಯಿರಿ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹೆಜ್ಜೆ ಮಾಡುತ್ತೀರಿ ಅಂತಾದರೆ ಇದನ್ನು ಮಾಡಿ. ಕಾಗದದ ಎಡಬದಿಯಲ್ಲಿ 1ರಿಂದ 50ರ ತನಕ ಬರೆಯಿರಿ. ಪ್ರತಿ ಓವರಿನ ಮುಂದೆ ಬೌಲರ್ ಹೆಸರು ಬರಬೇಕು. ಬ್ಯಾಟರ್‌ಗಳನ್ನು ಇನ್ನೂ ಯೋಚಿಸಬೇಡಿ.

ಯಾಕೆ ಅಂದರೆ, ಬ್ಯಾಟಿಂಗ್‌ನಲ್ಲಿ ನಿಮ್ಮ ಮೂವರು ಚೆನ್ನಾಗಿ ಆಡಿದರೆ ಉಳಿದವರು ಪೆವಿಲಿಯನ್‌ನಲ್ಲಿ ಚಹಾ ಕುಡಿಯಬಹುದು. ಬೌಲಿಂಗ್‌ನಲ್ಲಿ ಹಾಗಲ್ಲ. ಎದುರಾಳಿ ಆಲೌಟ್ ಆಗದಿದ್ದರೆ ಮುನ್ನೂರು ಎಸೆತವನ್ನೂ ಯಾರೋ ಒಬ್ಬರು ಹಾಕಲೇಬೇಕು. ಒಬ್ಬರಿಗೆ ಹತ್ತೇ ಓವರ್. ಐದು ಜನ ಬೇಕೇ ಬೇಕು. ಆ ದಿನ ಒಬ್ಬನಿಗೆ ಹೊಡೆತ ಬಿದ್ದರೆ ಆರನೆಯವನೂ ಬೇಕು.

ಓವರ್‌ಗಳೂ ಒಂದೇ ಥರದವಲ್ಲ. ಮೊದಲ ಹತ್ತರಲ್ಲಿ ಚೆಂಡು ಹೊಸತು, ಫೀಲ್ಡರ್‌ಗಳು ವೃತ್ತದ ಒಳಗೆ. ಅಲ್ಲಿ ಬೇಕಾದವನು ವಿಕೆಟ್ ಕೀಳುವವನು. ಹನ್ನೊಂದರಿಂದ ನಲವತ್ತು ಬೇಸರದ ಓವರ್‌ಗಳು ಅಂತ ಟಿವಿ ನೋಡುವವರು ಹೇಳುತ್ತಾರೆ, ಪಂದ್ಯ ಸೋಲುವುದು ಗೆಲ್ಲುವುದು ಅಲ್ಲೇ. ಕೊನೆಯ ಹತ್ತಕ್ಕೆ ಯಾರ್ಕರ್ ಹಾಕುವ ಎದೆಗಾರಿಕೆ ಬೇಕು.

ನಮ್ಮ ಕಾಗದ ಹೀಗಿದೆ. ಮೊದಲ ಹತ್ತು ಅಕ್ರಂ ಐದು, ಗ್ಲೆನ್ ಮೆಗ್ರಾ ಐದು. ಎಡಗೈ ಸ್ವಿಂಗ್ ಒಂದು ಕಡೆ, ಆಫ್‌ಸ್ಟಂಪ್ ಬಿಟ್ಟು ಕದಲದ ಉದ್ದ ಮನುಷ್ಯ ಇನ್ನೊಂದು ಕಡೆ. ಮೆಗ್ರಾ ವಿಶ್ವಕಪ್‌ಗಳಲ್ಲೇ 71 ವಿಕೆಟ್ ತೆಗೆದವರು. ನಡುವಿನ ಮೂವತ್ತರಲ್ಲಿ ಮುರಳೀಧರನ್ ಎಂಟು, ಕಪಿಲ್ ದೇವ್ ಎಂಟು, ಗಾರ್ನರ್ ಐದು, ಮೆಗ್ರಾ ನಾಲ್ಕು, ಜಯಸೂರ್ಯ ಐದು. ಜಯಸೂರ್ಯ ಎಲ್ಲಿಂದ ಬಂದರು ಅಂತ ಕೇಳಬೇಡಿ, ಮುಂದೆ ಹೇಳುತ್ತೇನೆ. ಕೊನೆಯ ಹತ್ತು ಅಕ್ರಂ ಐದು, ಗಾರ್ನರ್ ಐದು. ಕೂಡಿ ನೋಡಿ, ಸರಿಯಾಗಿ ಐವತ್ತು.

ಗಾರ್ನರ್ ಬಗ್ಗೆ ಎರಡು ಮಾತು, ಯಾಕೆಂದರೆ ಈಗಿನವರು ಅವರನ್ನು ಮರೆತೇಬಿಟ್ಟಿದ್ದಾರೆ. ಆರಡಿ ಎಂಟು ಇಂಚು ಎತ್ತರ. ಅಷ್ಟು ಮೇಲಿನಿಂದ ಚೆಂಡು ಬ್ಯಾಟರ್‌ನ ಹೆಬ್ಬೆರಳಿಗೆ ಬರುತ್ತಿತ್ತು. 98 ಪಂದ್ಯ, 146 ವಿಕೆಟ್, ಸರಾಸರಿ (ಒಂದು ವಿಕೆಟಿಗೆ ಕೊಟ್ಟ ರನ್) 18.84, ಓವರಿಗೆ 3.09 ರನ್. 1979ರ ವಿಶ್ವಕಪ್ ಫೈನಲ್‌ನಲ್ಲಿ 38ಕ್ಕೆ 5. "ಆಗಿನ ಕಾಲದಲ್ಲಿ ಎಲ್ಲರೂ ನಿಧಾನಕ್ಕೆ ಆಡ್ತಿದ್ರು ಅಂಕಲ್" ಅಂತ ಹುಡುಗ ಹೇಳುತ್ತಾನೆ. ಹೌದಪ್ಪ, ಆದರೆ ಅದೇ ನಿಧಾನದವರ ಎದುರು ಉಳಿದವರ ಲೆಕ್ಕ ಇಷ್ಟು ಕಡಿಮೆ ಇರಲಿಲ್ಲವಲ್ಲ. ಇದು ಮುಂದಿನ ಹೆಜ್ಜೆಗೆ ಬಾಗಿಲು.

ಹೆಜ್ಜೆ 3: ಈಗ ಮೊಬೈಲ್ ತೆಗೆಯಿರಿ, ಅಂಕಿ ನೋಡಿ

ಬೇರೆ ಬೇರೆ ಕಾಲದವರನ್ನು ತೂಗುವುದು ಹೇಗೆ ಅನ್ನುವುದಕ್ಕೆ ವಾಂಖೆಡೆಯನ್ನೇ ತಗೊಳ್ಳಿ. 1987ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಗೂಚ್ ನಮ್ಮ ಸ್ಪಿನ್ನರ್‌ಗಳನ್ನು ಗುಡಿಸಿ ಗುಡಿಸಿ 115 ಹೊಡೆದರು, ಇಂಗ್ಲೆಂಡ್ 254. ಅಷ್ಟು ಸಾಕಾಯಿತು, ನಾವು 35 ರನ್ನಿಂದ ಸೋತೆವು. 2011ರ ಫೈನಲ್‌ನಲ್ಲಿ ಶ್ರೀಲಂಕಾದ 274 ಸಾಲಲಿಲ್ಲ. 2023ರ ಸೆಮಿಫೈನಲ್‌ನಲ್ಲಿ ನಾವು 397 ಹೊಡೆದೆವು, ನ್ಯೂಜಿಲೆಂಡ್ 327 ಮಾಡಿಯೂ ಸೋತಿತು. ಅದೇ ಊರು, ಅದೇ ಸಮುದ್ರದ ಗಾಳಿ. ರನ್ನಿನ ಬೆಲೆ ಮಾತ್ರ ಬೇರೆ. 1987ರ ನೂರು ರೂಪಾಯಿಯನ್ನು ಈಗಿನ ನೂರಕ್ಕೆ ಹೋಲಿಸುತ್ತೇವಾ?

ನಾವು ಬಳಸುವ ಲೆಕ್ಕ ತುಂಬಾ ಸರಳ. ಬ್ಯಾಟರ್‌ನ ಸರಾಸರಿಯನ್ನು (ಒಮ್ಮೆ ಔಟಾಗುವುದಕ್ಕೆ ಎಷ್ಟು ರನ್) ಸ್ಟ್ರೈಕ್ ರೇಟಿನಿಂದ (ನೂರು ಎಸೆತಕ್ಕೆ ಎಷ್ಟು ರನ್) ಗುಣಿಸಿ, ನೂರರಿಂದ ಭಾಗಿಸಿ. ಬಂದ ಅಂಕಿಯನ್ನು ಅವರ ಜೊತೆಗೇ, ಅದೇ ತಂಡದಲ್ಲಿ ಆಡಿದವರ ಅಂಕಿಗೆ ಹೋಲಿಸಿ. ಅದೇ ಪಿಚ್, ಅದೇ ಎದುರಾಳಿ, ಅದೇ ಕಾಲ.

ವೆಸ್ಟ್ ಇಂಡೀಸ್‌ನ ವಿವಿಯನ್ ರಿಚರ್ಡ್ಸ್: ಸರಾಸರಿ 47, ಸ್ಟ್ರೈಕ್ ರೇಟ್ 90.20. ಗುಣಿಸಿ ಭಾಗಿಸಿದರೆ 42. ಜೊತೆಗೆ ಆಡಿದ ಗ್ರೀನಿಡ್ಜ್‌ಗೆ 29, ಹೇನ್ಸ್‌ಗೆ 26. ಇವರಿಬ್ಬರೂ ಸಾಮಾನ್ಯರಲ್ಲ, ಆ ಕಾಲದ ಅತ್ಯುತ್ತಮ ಆರಂಭಿಕರು. ಅವರಿಗಿಂತ ಒಂದೂವರೆ ಪಟ್ಟು! ಇಷ್ಟು ಅಂತರ ಇನ್ನೊಬ್ಬರಲ್ಲಿ ಹುಡುಕುವುದು ಕಷ್ಟ. ಡಿವಿಲಿಯರ್ಸ್‌ಗೆ ಬರುವ ಅಂಕಿ 54, ಆದರೆ ಅದು ಎರಡು ಚೆಂಡು, ದೊಡ್ಡ ಬ್ಯಾಟು, ಚಿಕ್ಕ ಬೌಂಡರಿಗಳ ಕಾಲ. ಸಚಿನ್‌ಗೆ ಸುಮಾರು 39, ಜೊತೆಗೇ ಇಳಿಯುತ್ತಿದ್ದ ಗಂಗೂಲಿಗೆ 30. ಇದೂ ದೊಡ್ಡ ಅಂತರವೇ, ಅದೂ 463 ಪಂದ್ಯಗಳ ತನಕ ಎಳೆದದ್ದು.

ಬೌಲರ್‌ಗೆ ಸರಾಸರಿಯನ್ನು ಎಕಾನಮಿಯಿಂದ (ಓವರಿಗೆ ಕೊಟ್ಟ ರನ್) ಗುಣಿಸಿ. ಇಲ್ಲಿ ಕಡಿಮೆ ಇದ್ದಷ್ಟು ಒಳ್ಳೆಯದು. ಗಾರ್ನರ್ 58, ಮೆಗ್ರಾ 85, ಮುರಳೀಧರನ್ ಮತ್ತು ಅಕ್ರಂ ಇಬ್ಬರೂ 91ರ ಆಸುಪಾಸು. ಶೇನ್ ವಾರ್ನ್ ಇವರಿಗಿಂತ ಹಿಂದೆ ಬೀಳುತ್ತಾರೆ. 1999ರ ಸೆಮಿಫೈನಲ್, ಫೈನಲ್ ಎರಡರಲ್ಲೂ ನಾಲ್ಕು ನಾಲ್ಕು ವಿಕೆಟ್ ತೆಗೆದು ಪಂದ್ಯಶ್ರೇಷ್ಠರಾದವರು ಅವರು. ಆ ಎರಡು ದಿನಗಳಿಗಾಗಿ ನನಗೆ ವಾರ್ನ್ ಬೇಕಿತ್ತು. ಆದರೆ ನಾನೇ ಬರೆದ ನಿಯಮ ನನ್ನನ್ನೇ ಹಿಡಿಯಿತು. 534 ವಿಕೆಟ್, ಓವರಿಗೆ ನಾಲ್ಕಕ್ಕಿಂತ ಕಡಿಮೆ ರನ್. ಮುರಳಿಯೇ ಸರಿ.

ಅಂಕಿ ಎಲ್ಲಿ ಮೋಸ ಮಾಡುತ್ತದೆ ಅನ್ನುವುದನ್ನೂ ತಿಳಿದಿರಿ. ಮೈಕೆಲ್ ಬೆವನ್ ಸರಾಸರಿ 53.58. ಆದರೆ 196 ಇನಿಂಗ್ಸ್‌ಗಳಲ್ಲಿ 67 ಸಲ ಅಜೇಯ. ಒಟ್ಟು 6,912 ರನ್ನನ್ನು ಇನಿಂಗ್ಸ್‌ಗಳಿಂದ ಭಾಗಿಸಿದರೆ 35 ಆಗುತ್ತದೆ. ಹಾಗಾದರೆ ಬೆವನ್ ಬರೀ ಲೆಕ್ಕದ ಆಟಗಾರನಾ? ಅಲ್ಲವೇ ಅಲ್ಲ. ಅಜೇಯನಾಗಿ ಉಳಿಯುವುದೇ ಅವರ ಕೆಲಸವಾಗಿತ್ತು. 1996ರ ಹೊಸವರ್ಷದ ದಿನ ಸಿಡ್ನಿಯಲ್ಲಿ ಕೊನೆಯ ಎಸೆತಕ್ಕೆ ಬೌಂಡರಿ ಹೊಡೆದು ಗೆಲ್ಲಿಸಿದ್ದನ್ನು ನೋಡಿದವರು ಆ ಮಾತು ಆಡುವುದಿಲ್ಲ. ಸರಾಸರಿಯನ್ನು ಓದುವಾಗ ಆ ಮನುಷ್ಯ ಯಾವ ಓವರಿಗೆ ಇಳಿಯುತ್ತಿದ್ದ ಅಂತ ಕೇಳಿ, ಅಷ್ಟೇ.

ಗಾವಸ್ಕರ್ ಹೆಸರು ಈ ಊರಿನಲ್ಲಿ ಬರದೆ ಇರುವುದಿಲ್ಲ. ಅವರು ಆಡಿದ ದಾದರ್ ಯೂನಿಯನ್‌ನ ಮೈದಾನ ನಮ್ಮ ಟೇಬಲ್ಲಿನಿಂದ ನಡೆದುಹೋಗುವಷ್ಟು ಹತ್ತಿರ. 1975ರಲ್ಲಿ ಲಾರ್ಡ್ಸ್‌ನಲ್ಲಿ ಇಂಗ್ಲೆಂಡಿನ 334ರ ಎದುರು 174 ಎಸೆತಕ್ಕೆ ಅಜೇಯ 36 ಆಡಿದವರೂ ಅವರೇ. ಹನ್ನೆರಡು ವರ್ಷ ಆದಮೇಲೆ ನಾಗ್ಪುರದಲ್ಲಿ 88 ಎಸೆತಕ್ಕೆ ಅಜೇಯ 103 ಹೊಡೆದರು. ಮುಂಬೈಯವರ ಖಡೂಸ್‌ತನ, ಅಂದರೆ ಸುಲಭಕ್ಕೆ ವಿಕೆಟ್ ಕೊಡದ ಹಟ, ಟೆಸ್ಟ್ ತಂಡಕ್ಕೆ ಚಿನ್ನ. ಈ ತಂಡಕ್ಕೆ ಅಲ್ಲ.

ಹೆಜ್ಜೆ 4: ಕೀಪರ್ ಯಾರು, ನಾಯಕ ಯಾರು

ಇಲ್ಲಿ ಒಂದು ಗಂಟೆ ಹೋಗುತ್ತದೆ, ಮೊದಲೇ ಇನ್ನೊಂದು ಸುತ್ತು ಕಾಫಿ ಹೇಳಿಬಿಡಿ.

ಆಡಂ ಗಿಲ್‌ಕ್ರಿಸ್ಟ್ ಕೀಪಿಂಗ್ ಮಾಡುತ್ತಾ ಆರಂಭಿಕನಾಗಿಯೂ ಇಳಿಯುತ್ತಾರೆ. ಹಾಗಾಗಿ ಕೆಳಗೆ ಒಂದು ಜಾಗ ಖಾಲಿ ಉಳಿಯುತ್ತದೆ, ಅದು ದೊಡ್ಡ ಲಾಭ. 2007ರ ಫೈನಲ್‌ನಲ್ಲಿ ಗ್ಲೌಸಿನೊಳಗೆ ಸ್ಕ್ವಾಷ್ ಚೆಂಡು ಇಟ್ಟುಕೊಂಡು 149 ಹೊಡೆದವರು. ಸಂಗಕ್ಕಾರ 14 ಸಾವಿರಕ್ಕಿಂತ ಹೆಚ್ಚು ರನ್, 2015ರ ವಿಶ್ವಕಪ್‌ನಲ್ಲಿ ಸತತ ನಾಲ್ಕು ಶತಕ. ಧೋನಿ 350 ಪಂದ್ಯ, ಸರಾಸರಿ 50ರ ಮೇಲೆ, ಅದೂ ಬಹುಪಾಲು ಐದು ಆರನೇ ಕ್ರಮಾಂಕದಲ್ಲಿ ಇಳಿದು.

ನಾವು ಒಮ್ಮೆ ಗಿಲ್‌ಕ್ರಿಸ್ಟ್, ಧೋನಿ ಇಬ್ಬರನ್ನೂ ಹಾಕಿದ್ದೆವು. ಗಿಲ್‌ಕ್ರಿಸ್ಟ್ ಬರೀ ಬ್ಯಾಟರ್ ಅಂತ. ಆದರೆ ಬರೀ ಬ್ಯಾಟರ್ ಅಂದಮೇಲೆ 35.89ರ ಸರಾಸರಿ ಈ ಮಟ್ಟದ ತಂಡಕ್ಕೆ ಕಡಿಮೆ. ಅವರ ಬೆಲೆ ಇರುವುದೇ ಎರಡು ಕೆಲಸ ಒಟ್ಟಿಗೆ ಮಾಡುವುದರಲ್ಲಿ. ಒಂದು ಕೆಲಸ ಕಿತ್ತುಕೊಂಡರೆ ಅರ್ಧ ಬೆಲೆ ಹೋಯಿತು.

ಕೊನೆಗೆ ಧೋನಿ. ಕಾರಣ ಸಿಕ್ಸರ್ ಅಲ್ಲ. ನಮ್ಮ ಬೌಲಿಂಗ್‌ನಲ್ಲಿ ಮುರಳಿ ಇದ್ದಾರೆ, ಕೈಯಿಂದ ಎರಡೂ ಕಡೆ ತಿರುಗಿಸುವವರು. ಅವರಿಗೆ ಸ್ಟಂಪ್ ಹಿಂದೆ ಮಿಂಚಿನ ಕೈ ಬೇಕು. ಆರನೇ ಕ್ರಮಾಂಕಕ್ಕೆ ತಣ್ಣಗಿನ ತಲೆಯೂ ಬೇಕು. ನಾಯಕತ್ವ ಬೇರೆ ಹುಡುಕುವ ಕೆಲಸವೂ ಇಲ್ಲ. 2011ರ ಏಪ್ರಿಲ್ 2ರ ರಾತ್ರಿ, ವಿಶ್ವಕಪ್ ಫೈನಲ್‌ನಲ್ಲಿ, ಫಾರ್ಮಿನಲ್ಲಿದ್ದ ಎಡಗೈ ಬ್ಯಾಟರ್ ಯುವರಾಜ್‌ಗಿಂತ ಮೊದಲು ತಾನೇ ಇಳಿದು ಅಜೇಯ 91 ಹೊಡೆದರು. ಅದೇ ಮುರಳಿ ಆ ದಿನ ಎದುರು ತಂಡದಲ್ಲಿದ್ದರು. ಎಡಗೈಯವರ ಎದುರು ಮುರಳಿಯನ್ನು ಬಿಡಬಾರದು ಅನ್ನುವುದು ಆ ನಿರ್ಧಾರದ ಒಂದು ಕಾರಣವಾಗಿತ್ತು. ಆ ರಾತ್ರಿ ಕುಲಶೇಖರ ಎಸೆತಕ್ಕೆ ಧೋನಿ ಹೊಡೆದ ಗೆಲುವಿನ ಸಿಕ್ಸರ್ ಎಲ್ಲಿ ಬಿತ್ತು ಅಂತ ಈ ಊರಿನಲ್ಲಿ ಯಾರನ್ನು ಕೇಳಿದರೂ ಕೈ ತೋರಿಸುತ್ತಾರೆ.

ಹೆಜ್ಜೆ 5: ಮೇಲಿನ ಐದು

ನಾಲ್ಕು ಜಾಗ ಬೇಗ ತುಂಬಿತು. ಆರಂಭಿಕ ಸಚಿನ್: 18,426 ರನ್, 49 ಶತಕ. ಮೊದಲ ಶತಕಕ್ಕೆ 79 ಪಂದ್ಯ ಕಾದವರು ಅನ್ನುವುದು ಮರೆತುಹೋಗುವಷ್ಟು. 1994ರಲ್ಲಿ ಆಕ್ಲೆಂಡ್‌ನಲ್ಲಿ ಆರಂಭಿಕನಾಗಿ ಕಳಿಸಿದಾಗ 49 ಎಸೆತಕ್ಕೆ 82 ಹೊಡೆದರು, ಕಥೆ ಬದಲಾಯಿತು. ಮೂರಕ್ಕೆ ಕೊಹ್ಲಿ. ಗುರಿ ಬೆನ್ನಟ್ಟುವಾಗ ಸರಾಸರಿ 60ರ ಮೇಲೆ. 50ನೇ ಶತಕವನ್ನು ವಾಂಖೆಡೆಯಲ್ಲಿ ಸಚಿನ್ ಕಣ್ಣೆದುರೇ ಹೊಡೆದರು. ನಾಲ್ಕಕ್ಕೆ ರಿಚರ್ಡ್ಸ್. ಐದಕ್ಕೆ ಡಿವಿಲಿಯರ್ಸ್, 31 ಎಸೆತದ ಶತಕದವರು. 2015ರ ಅಕ್ಟೋಬರ್‌ನಲ್ಲಿ ವಾಂಖೆಡೆಯಲ್ಲೇ 61 ಎಸೆತಕ್ಕೆ 119 ಬಾರಿಸಿದರು, ದಕ್ಷಿಣ ಆಫ್ರಿಕಾ 438. ಆ ದಿನ ಚರ್ಚ್‌ಗೇಟ್ ಲೋಕಲ್‌ನಲ್ಲಿ ಯಾರೂ ಮಾತಾಡಲಿಲ್ಲ.

ಸಚಿನ್ ಜೊತೆಗೆ ಯಾರು? ಮುಂಬೈಯಲ್ಲಿ ಕೂತು ರೋಹಿತ್ ಶರ್ಮಾ ಅನ್ನದಿದ್ದರೆ ಏಟು ಬೀಳುತ್ತದೆ. ಮೂರು ದ್ವಿಶತಕ, ಈಡನ್‌ನಲ್ಲಿ 264. ಅವರ ಅಂಕಿ ಜಯಸೂರ್ಯಗಿಂತ ಎಷ್ಟೋ ಮೇಲೆ. ಜಯಸೂರ್ಯರ ಸರಾಸರಿ 32 ಮಾತ್ರ. ಆದರೂ ನಾವು ಜಯಸೂರ್ಯರನ್ನೇ ಹಾಕಿದೆವು, ಕಾರಣ ಕೇಳಿ.

ರೋಹಿತ್ ಬಂದರೆ ಮೇಲಿನ ಏಳೂ ಜನ ಬಲಗೈಯವರು. ಎದುರಾಳಿಯಲ್ಲಿ ವಾರ್ನ್ ಇದ್ದಾರೆ ಅಂತಿಟ್ಟುಕೊಳ್ಳಿ. ಏಳೂ ಜನರಿಗೆ ಚೆಂಡು ಹೊರಗೆ ತಿರುಗುತ್ತದೆ, ಫೀಲ್ಡರ್‌ಗಳನ್ನು ಒಮ್ಮೆಯೂ ಕದಲಿಸಬೇಕಾಗಿಲ್ಲ. ಒಬ್ಬ ಎಡಗೈಯವನು ಬಂದರೆ ಒಂದು ರನ್ ಓಡಿದಾಗಲೆಲ್ಲ ಬೌಲರ್ ಲೈನ್ ಬದಲಾಯಿಸಬೇಕು. ಎರಡನೆಯದು, ನಮಗೆ ಆರನೇ ಬೌಲರ್ ಬೇಕಿತ್ತು. ಜಯಸೂರ್ಯ 323 ವಿಕೆಟ್ ತೆಗೆದವರು. ಮೂರನೆಯದು, 1996ರ ವಿಶ್ವಕಪ್‌ನಲ್ಲಿ ಮೊದಲ ಓವರ್‌ಗಳನ್ನು ಹೇಗೆ ಆಡಬೇಕು ಅನ್ನುವುದನ್ನೇ ಬದಲಾಯಿಸಿದವರು, ಟೂರ್ನಿಯ ಶ್ರೇಷ್ಠ ಆಟಗಾರ. 1997ರಲ್ಲಿ ಇದೇ ವಾಂಖೆಡೆಯಲ್ಲಿ ನಮ್ಮ ಮೇಲೆ ಅಜೇಯ 151 ಹೊಡೆದರು. ನಾನು ಆ ದಿನ ಟಿವಿ ಆಫ್ ಮಾಡಿ ಹಾಲು ತರಲು ಹೋಗಿದ್ದೆ.

"ಒಬ್ಬ ಹುಡುಗ ಸಪ್ಲೈಯೂ ಮಾಡ್ತಾನೆ, ಗಲ್ಲಾದಲ್ಲೂ ಕೂರ್ತಾನೆ, ಭಟ್ರು ರಜೆ ಹಾಕಿದ್ರೆ ದೋಸೆಯೂ ಹೊಯ್ತಾನೆ ಅಂದ್ರೆ, ಅವನನ್ನು ಬಿಡ್ತೀರಾ?" ಅಂತ ಶೆಟ್ರು ಕೇಳಿದರು. ರೋಹಿತ್ ಅಭಿಮಾನಿ ಹುಡುಗ ಹತ್ತು ನಿಮಿಷ ಮಾತು ಬಿಟ್ಟ.

ಹೆಜ್ಜೆ 6: ಏಳನೇ ಕ್ರಮಾಂಕದ ಆಲ್‌ರೌಂಡರ್

ಇಲ್ಲಿ ನಿಲ್ಲುವವರು ಕಪಿಲ್, ಇಮ್ರಾನ್ ಖಾನ್, ಕ್ಲೂಸ್ನರ್, ಫ್ಲಿಂಟಾಫ್. ಕಾಲಿಸ್ ಮೇಲಿನ ಕ್ರಮಾಂಕದವರು, ಏಳಕ್ಕೆ ವ್ಯರ್ಥ. ಕೆಲಸ ಏನು ಅಂತ ನೋಡಿ: ಎಂಟು ಓವರ್ ಬಿಗಿಯಾಗಿ ಹಾಕಬೇಕು, 42ನೇ ಓವರಿಗೆ ಇಳಿದು ಬಾರಿಸಬೇಕು. ಕಪಿಲ್ 253 ವಿಕೆಟ್, ಎಕಾನಮಿ 3.71, ಸ್ಟ್ರೈಕ್ ರೇಟ್ 95. ಇಮ್ರಾನ್ ಸರಾಸರಿಯಲ್ಲಿ ಮುಂದೆ, ಆದರೆ ಸ್ಟ್ರೈಕ್ ರೇಟ್ 72ರ ಸುತ್ತ. ಹೇನ್ಸ್ 63ರಲ್ಲಿ ಆಡುತ್ತಿದ್ದ ಕಾಲದಲ್ಲಿ 95 ಅಂದರೆ ಏನು ಅಂತ ಯೋಚಿಸಿ. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ 17ಕ್ಕೆ 5 ಇದ್ದಾಗ ಅಜೇಯ 175 ಹೊಡೆದರು. ಅದರ ಟಿವಿ ಚಿತ್ರಣವೇ ಇಲ್ಲ. ಹಾಗಾಗಿ ಅದು ವರ್ಷ ವರ್ಷ ಇನ್ನಷ್ಟು ಚೆನ್ನಾಗುತ್ತಾ ಹೋಗುತ್ತಿದೆ.

ಫೀಲ್ಡಿಂಗ್ ಬಗ್ಗೆ ಒಂದೇ ಸಾಲು ಸಾಕು. ಇನ್ನರ್ ರಿಂಗ್‌ನಲ್ಲಿ ಕನಿಷ್ಠ ಮೂವರು ಚುರುಕಿನವರು ಇದ್ದಾರಾ ನೋಡಿ. ನಮ್ಮಲ್ಲಿ ಕೊಹ್ಲಿ, ಡಿವಿಲಿಯರ್ಸ್, 1975ರ ಫೈನಲ್‌ನಲ್ಲಿ ಮೂರು ರನೌಟ್‌ಗೆ ಕಾರಣರಾದ ರಿಚರ್ಡ್ಸ್. ಆ ರಿಚರ್ಡ್ಸ್ ಹೊಡೆದ ಚೆಂಡನ್ನು 1983ರಲ್ಲಿ ಹಿಂದಕ್ಕೆ ಓಡಿ ಹಿಡಿದ ಕಪಿಲ್ ಕೂಡ ಇದೇ ತಂಡದಲ್ಲಿ.

ಹೆಜ್ಜೆ 7: ಊರಿನ ಅಭಿಮಾನಕ್ಕೆ ಒಂದು ಕುರ್ಚಿ

ಅಭಿಮಾನವನ್ನು ಬಚ್ಚಿಟ್ಟರೆ ಅದು ಬೇರೆ ವೇಷದಲ್ಲಿ ಬರುತ್ತದೆ. ಅಂಕಿ ಹೇಳುತ್ತಿದ್ದೇನೆ ಅಂದುಕೊಂಡು ಜನ ತಮ್ಮೂರಿನವರನ್ನೇ ತೂರಿಸುತ್ತಾರೆ. ಅದಕ್ಕೆ ನಾವು ಹನ್ನೆರಡನೇ ಆಟಗಾರನ ಜಾಗವನ್ನು ಬಹಿರಂಗವಾಗಿ ಅಭಿಮಾನಕ್ಕೆ ಕೊಟ್ಟೆವು. ಅಲ್ಲಿ ಕಾರಣ ಕೊಡಬೇಕಾಗಿಲ್ಲ.

ನಮ್ಮ ಟೇಬಲ್ಲಿನಲ್ಲಿ ಆ ಕುರ್ಚಿಗೆ ದೊಡ್ಡ ಸಾಲೇ ಇದೆ. 1983ರ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ತೆಗೆದ ರೋಜರ್ ಬಿನ್ನಿ. 315 ವಿಕೆಟ್‌ಗಳ ಶ್ರೀನಾಥ್. 2003ರ ವಿಶ್ವಕಪ್‌ನಲ್ಲಿ ತಂಡಕ್ಕೆ ಬೇಕು ಅಂತ ಗ್ಲೌಸ್ ಹಾಕಿಕೊಂಡ ದ್ರಾವಿಡ್. 1996ರಲ್ಲಿ ಬೆಂಗಳೂರಿನಲ್ಲಿ ಅಮೀರ್ ಸೊಹೈಲ್ ಸ್ಟಂಪ್ ಹಾರಿಸಿದ ಪ್ರಸಾದ್. ರಾಯರ ವೋಟು ದ್ರಾವಿಡ್‌ಗೆ. ಆದರೆ ಶೆಟ್ರು 1993ರ ಹೀರೋ ಕಪ್ ಫೈನಲ್ ಹಿಡಿದುಕೊಂಡು ಕೂತರು. ಈಡನ್‌ನಲ್ಲಿ ವೆಸ್ಟ್ ಇಂಡೀಸ್ ಎದುರು ಅನಿಲ್ ಕುಂಬ್ಳೆ 12ಕ್ಕೆ 6. ಆ ರಾತ್ರಿ ಹೋಟೆಲಿನಲ್ಲಿ ಎಲ್ಲರಿಗೂ ಪುಕ್ಕಟೆ ಕಾಫಿ ಕೊಟ್ಟಿದ್ದರಂತೆ. ಈಗಿನ ಕಾಫಿಯ ಬಿಲ್ಲೂ ಅವರ ಕೈಯಲ್ಲೇ ಇರುವುದರಿಂದ ಹನ್ನೆರಡನೆಯವರು ಕುಂಬ್ಳೆ ಆದರು.

ಹೆಜ್ಜೆ 8: ಬಿಟ್ಟವರ ತಂಡ ಕಟ್ಟಿ ಆಡಿಸಿ

ತಂಡ ಬರೆದು ಮುಗಿದ ಕೂಡಲೇ ಏಳಬೇಡಿ. ಹೊರಗುಳಿದವರಲ್ಲಿ ಹನ್ನೊಂದು ಜನರನ್ನು ಆರಿಸಿ ಎದುರು ನಿಲ್ಲಿಸಿ. ನಮ್ಮದು ಹೀಗಾಯಿತು: ರೋಹಿತ್, ಗಿಲ್‌ಕ್ರಿಸ್ಟ್, ಪಾಂಟಿಂಗ್, ಲಾರಾ, ಸಂಗಕ್ಕಾರ, ಬೆವನ್, ಇಮ್ರಾನ್, ಕ್ಲೂಸ್ನರ್, ವಾರ್ನ್, ವಕಾರ್, ಬುಮ್ರಾ. ನೋಡಿದರೆ ಎದೆ ಝಲ್ ಅನ್ನುತ್ತದೆ, ಅಲ್ವಾ?

ಈಗ ಎರಡೂ ತಂಡವನ್ನು ಮೂರು ಪಿಚ್‌ಗಳಲ್ಲಿ ಆಡಿಸಿ: ಚೆಂಡು ಪುಟಿಯುವ ಪರ್ತ್, ತಿರುಗುವ ಕೊಲಂಬೊ, ಇಬ್ಬನಿ ಬೀಳುವ ವಾಂಖೆಡೆಯ ರಾತ್ರಿ. ಒಬ್ಬರು ಒಂದು ತಂಡದ ಪರ, ಇನ್ನೊಬ್ಬರು ಎದುರು ತಂಡದ ಪರ ವಾದಿಸಬೇಕು. ಗೆದ್ದವರು ಯಾರು ಅನ್ನುವುದು ಇಲ್ಲಿ ಮುಖ್ಯವಲ್ಲ, ನಿಮ್ಮ ತಂಡದ ತೂತು ಎಲ್ಲಿ ಅಂತ ಗೊತ್ತಾಗಬೇಕು.

ನಮಗೆ ಸಿಕ್ಕಿದ ತೂತು ಇದು. ಬಿಟ್ಟವರ ತಂಡದಲ್ಲಿ ಐದು ಜನ ಎಡಗೈ ಬ್ಯಾಟರ್‌ಗಳು. ಮುರಳಿಗೆ ಅದು ಹಬ್ಬ, ಆದರೆ ಜಯಸೂರ್ಯರ ಎಡಗೈ ಸ್ಪಿನ್ ಅವರ ಬ್ಯಾಟಿನ ಕಡೆಗೇ ತಿರುಗುತ್ತದೆ. ಲಾರಾ ಇದ್ದಾಗ ಆ ಐದು ಓವರ್ ಕೊಡುವುದು ಅಪಾಯ. ಆಗ ಕಾಗದದಲ್ಲಿ ತಿದ್ದಿದೆವು: ಮುರಳಿಗೆ ಹತ್ತು, ಮೆಗ್ರಾಗೆ ಹತ್ತು, ರಿಚರ್ಡ್ಸ್ ಆಫ್‌ಸ್ಪಿನ್ ಎರಡು. ರಿಚರ್ಡ್ಸ್‌ಗೆ 118 ವಿಕೆಟ್ ಇದೆ ಅನ್ನುವುದು ಎಷ್ಟು ಜನಕ್ಕೆ ನೆನಪಿದೆ? ಹೆಸರು ಒಂದೂ ಬದಲಾಗಲಿಲ್ಲ. ಇಬ್ಬನಿ ಬಿದ್ದ ವಾಂಖೆಡೆಯಲ್ಲಿ ಮಾತ್ರ ಟಾಸ್ ಸೋತರೆ ನಮ್ಮ ಕಥೆ ಕಷ್ಟ. ಒದ್ದೆ ಚೆಂಡನ್ನು ಮುರಳಿ ಹಿಡಿಯುವುದು ಹೇಗೆ?

ಕಾಗದದ ಕೆಳಗೆ ತಾರೀಕು ಹಾಕಿ, ಎಲ್ಲರೂ ಸಹಿ ಮಾಡಿ. ವರ್ಷಕ್ಕೆ ಒಂದೇ ಬದಲಾವಣೆ ಅಂತ ನಿಯಮ ಇಟ್ಟುಕೊಳ್ಳಿ. ಇಲ್ಲದಿದ್ದರೆ ಪ್ರತಿ ಸರಣಿ ಮುಗಿದ ಮೇಲೂ ಯಾರಾದರೊಬ್ಬರು ಹೊಸ ಹೆಸರು ಹಿಡಿದುಕೊಂಡು ಬರುತ್ತಾರೆ. ನಮ್ಮ ಈ ವರ್ಷದ ಬದಲಾವಣೆ ಇನ್ನೂ ಬಾಕಿ ಇದೆ. ಗಾರ್ನರ್ ಜಾಗಕ್ಕೆ ಬುಮ್ರಾ ಅಂತ ಹುಡುಗ, ಅದೇ ಜಾಗಕ್ಕೆ ಕುಂಬ್ಳೆ ಅಂತ ಶೆಟ್ರು. ಗಾರ್ನರ್ ಹೆಸರಿಗೆ ರಬ್ಬರ್ ತಾಗಿಸಿದರೆ ಕಾಗದವನ್ನೇ ಹರಿದುಹಾಕುತ್ತೇನೆ ಅಂತ ನಾನು ಹೇಳಿಟ್ಟಿದ್ದೇನೆ. ಕಾಗದ ಸದ್ಯಕ್ಕೆ ಗಲ್ಲಾಪೆಟ್ಟಿಗೆಯ ಗಾಜಿನ ಕೆಳಗಿದೆ, ಬೀಗ ಶೆಟ್ರ ಹತ್ತಿರ.